ಪೆಟ್ರೋಲ್ ವರ್ಷ, ಡೀಸೆಲ್ ವರ್ಷ

ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ದಾವಲಮಲಿಕನ ಮನೆಯಾಕೆ ತಂಗಿ ಬಿಬಿಜಾನ, ಅವನ ಮಗಳು ನಜಮಾ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆಯಿಂದ ಬಂದಿರುವ ಬೋಟಿನ ಬಂಧುಗಳೇ, ಸಿಂದಗಿಯಿಂದ ಅಂಗಡಿ ಮುಚ್ಚಿಕೊಂಡು ಬಂದ ಮೆಕ್ಯಾನಿಕ್ ಕಾಂತು, ಲಚ್ಯಾಣದಿಂದ ಬಂದ, ಭೀಮಾ ನದಿಯಲ್ಲಿ ಬೋಟು ನಡೆಸುವ ನಮ್ಮ ಬೀರಣ್ಣ — ಎಲ್ಲರಿಗೂ ನಮಸ್ಕಾರ, ಸಲಾಂ. ಬಿಸಿಲಿನಲ್ಲಿ ಬಂದಿದ್ದೀರಿ. ಹಿಂದೆ ನಿಂತವರು ಮುಂದೆ ಬನ್ನಿ, ಚಾಪೆ ಹಾಸಿದ್ದಾರೆ.

ನಾನು ಸಿದ್ದಲಿಂಗ. ಗೊತ್ತಿಲ್ಲದವರಿಗೆ ಹೇಳುತ್ತೇನೆ — ದಾವಲಮಲಿಕ ಮತ್ತು ನಾನು ಈ ಹಿನ್ನೀರಿನಲ್ಲಿ ಒಂದೇ ಬೋಟಿನ ಪಾಲುದಾರರು. ಅರ್ಧ ಬೋಟು ಅವನದು, ಅರ್ಧ ನನ್ನದು. ಎಲ್ಲಿಂದ ಎಲ್ಲಿಯವರೆಗೆ ಯಾರ ಅರ್ಧ ಎಂದು ನಾವು ಎಂದೂ ಕೇಳಿಕೊಳ್ಳಲಿಲ್ಲ. ಉಳಿದ ಎಲ್ಲದಕ್ಕೂ ಜಗಳ ಆಡಿದೆವು.

ನಮ್ಮ ಸಾಲೆಯ ಮಾಲಾ ಟೀಚರ್ ನನಗೆ ಎರಡು ಮಾತು ಹೇಳಿ ಇಲ್ಲಿ ನಿಲ್ಲಿಸಿದ್ದಾರೆ. ಒಂದು, ಮೈಕಿನ ಮುಂದೆ ಪುಸ್ತಕದ ಕನ್ನಡ ಮಾತಾಡಬೇಕು. ಎರಡು, ಇಂಜಿನ್ನಿನ ಸುದ್ದಿ ತೆಗೆಯಬಾರದು. ಮೊದಲನೆಯದಕ್ಕೆ ಪ್ರಯತ್ನ ಮಾಡುತ್ತೇನೆ ಟೀಚರ್. ಎರಡನೆಯದು ಸಾಧ್ಯವಿಲ್ಲ. ದಾವಲಮಲಿಕನ ಬಗ್ಗೆ ಮಾತಾಡು, ಇಂಜಿನ್ನಿನ ಬಗ್ಗೆ ಬೇಡ ಅಂದರೆ — ಹೇಗೆ? ಅವನು ಊಟಕ್ಕೆ ಕುಳಿತರೂ ಇಂಜಿನ್ನಿನ ಮಾತು, ಮದುವೆಗೆ ಹೋದರೂ ಇಂಜಿನ್ನಿನ ಮಾತು. ಇನ್ನೊಂದು — ಈ ಚೀಟಿಯಲ್ಲಿ ‘ದಿವಂಗತ ದಾವಲಮಲಿಕ ಅವರು’ ಎಂದು ಬರೆದುಕೊಟ್ಟಿದ್ದಾರೆ. ಓದಿ ನೋಡಿದೆ. ಬೇರೆ ಯಾರದೋ ಸುದ್ದಿ ಅನಿಸಿತು. ನನಗೆ ಅವನು ‘ಅವನು’. ತಪ್ಪು ತಿಳಿಯಬೇಡಿ.

ಇಲ್ಲಿ ಕುಳಿತವರಲ್ಲಿ ಅರ್ಧ ಜನ ಅವನಿಗೆ ಶ್ರದ್ಧಾಂಜಲಿ ಸಲ್ಲಿಸಲು ಬಂದಿದ್ದೀರಿ. ಇನ್ನರ್ಧ ಜನ — ಸುಳ್ಳೇಕೆ ಹೇಳಲಿ — ಬೋಟಿನಲ್ಲಿ ಈಗ ಡೀಸೆಲ್ ಇಂಜಿನ್ ಏಕೆ ಕುಳಿತಿದೆ ಎಂದು ಕೇಳಲು ಬಂದಿದ್ದೀರಿ. ನನಗೂ ಕಿವಿ ಇದೆ. ‘ಗೆಳೆಯ ಮಣ್ಣಾದ ಕೂಡಲೇ ಸಿದ್ದಲಿಂಗ ತನ್ನ ಇಂಜಿನ್ ಕೂರಿಸಿಕೊಂಡ’ ಎಂಬ ಮಾತು ಚಹಾದಂಗಡಿಯಿಂದ ನನ್ನ ಮನೆಯವರೆಗೆ ಬಂದಿದೆ. ಒಳ್ಳೆಯದೇ ಆಯಿತು. ಇವತ್ತು ಅದಕ್ಕೂ ಉತ್ತರ ಹೇಳಿಯೇ ಕೂರುತ್ತೇನೆ. ಹೇಳಲು ನನಗೆ ಎಷ್ಟು ಉಮೇದು ಇದೆ ಎಂದರೆ, ಬೆಳಿಗ್ಗೆ ರೊಟ್ಟಿ ತಿನ್ನುವುದನ್ನೇ ಮರೆತು ಬಂದಿದ್ದೇನೆ.

ಮೊದಲು ಬೋಟಿನ ಕಥೆ. ಅಣೆಕಟ್ಟು ಕಟ್ಟುವಾಗ ಯಾರೋ ಕಂತ್ರಾಟುದಾರ ಬಿಟ್ಟುಹೋದ ತಗಡಿನ ಬೋಟು ಅದು. ಬದಿಗೆ ‘ರಾಜಶ್ರೀ’ ಎಂದು ಬರೆದಿತ್ತು. ಅವನ ಮಗಳ ಹೆಸರೋ, ಹೆಂಡತಿಯ ಹೆಸರೋ ನಮಗೆ ಗೊತ್ತಿಲ್ಲ. ನಾವು ಬಣ್ಣ ಹಚ್ಚಿದಾಗಲೆಲ್ಲ ಆ ಹೆಸರನ್ನೂ ತಿದ್ದಿ ಬರೆದೆವು. ಊರು ಮುಳುಗಿತ್ತು. ಆಚೆ ದಂಡೆಗೆ ಹೋಗಬೇಕಾದರೆ ಬಸ್ಸಿನಲ್ಲಿ ಅರ್ಧ ಜಿಲ್ಲೆ ಸುತ್ತಬೇಕು. ಹಾಗಾಗಿ ಇಬ್ಬರೂ ಸೇರಿ ಬೋಟು ತಗೊಂಡೆವು. ಇಂಜಿನ್ ಮಾತ್ರ ಇರಲಿಲ್ಲ. ಅವನ ಹತ್ತಿರ ಒಂದು ಹಳೆಯ ಜೀಪಿನ ಪೆಟ್ರೋಲ್ ಇಂಜಿನ್ ಇತ್ತು. ನನ್ನ ಹತ್ತಿರ ನಮ್ಮ ಹೊಲದ ಬಾವಿಯ ಡೀಸೆಲ್ ಪಂಪ್‌ಸೆಟ್ ಇತ್ತು. ಹೊಲ ನೀರಲ್ಲಿ ಹೋಗಿತ್ತು, ನೀರೆತ್ತುವ ಇಂಜಿನ್ ಉಳಿದಿತ್ತು.

ಅಲ್ಲಿಂದ ಶುರುವಾಯಿತು ನೋಡಿ.

ಅವನು ಪೆಟ್ರೋಲ್ ಅಂದ, ನಾನು ಡೀಸೆಲ್ ಅಂದೆ. ಹಿರಿಯರು ಕೂತರು. ಕಡೆಗೆ ತೀರ್ಮಾನ ಏನಾಯಿತು ಅಂದರೆ — ಒಂದು ವರ್ಷ ಅವನ ಇಂಜಿನ್, ಒಂದು ವರ್ಷ ನನ್ನ ಇಂಜಿನ್. ಬೇಸಿಗೆಯಲ್ಲಿ ನೀರು ಇಳಿದಾಗ ಬೋಟನ್ನು ದಂಡೆಗೆ ಎಳೆಯುವುದು, ಇದ್ದ ಇಂಜಿನ್ ಬಿಚ್ಚುವುದು, ಇನ್ನೊಂದನ್ನು ಕೂರಿಸುವುದು. ಜಗತ್ತಿನಲ್ಲಿ ಎಲ್ಲಿಯಾದರೂ ಹೀಗೆ ಮಾಡುತ್ತಾರೋ ಗೊತ್ತಿಲ್ಲ. ಮುದ್ದೇಬಿಹಾಳದ ಬೋಟಿನವರು ನಮ್ಮನ್ನು ನೋಡಿ ನಕ್ಕರು. ಈಗಲೂ ನಗುತ್ತಿದ್ದಾರೆ, ಅಲ್ಲಿ ನೋಡಿ. ಆದರೆ ನಮ್ಮ ಊರಿನಲ್ಲಿ ಕಾಲವನ್ನೇ ಹಾಗೆ ಲೆಕ್ಕ ಹಾಕುತ್ತಾರೆ. ರೇವವ್ವಾಯಿಗೆ ಮೊಮ್ಮಗ ಯಾವಾಗ ಹುಟ್ಟಿದ ಎಂದು ಕೇಳಿ. ‘ಅದು ಡೀಸೆಲ್ ವರ್ಷ ಇತ್ರೀ’ ಎನ್ನುತ್ತಾಳೆ. ನಜಮಾ ಹುಟ್ಟಿದ್ದು ಪೆಟ್ರೋಲ್ ವರ್ಷದಲ್ಲಿ. ಅದಕ್ಕೇ ಅವಳು ಚುರುಕು ಎಂದು ಅವಳ ಅಪ್ಪ ಹೇಳುತ್ತಿದ್ದ.

ಈಗ ಪೆಟ್ರೋಲಿನ ಬಗ್ಗೆ ನ್ಯಾಯವಾಗಿ ಹೇಳುತ್ತೇನೆ. ಅವನು ಇಲ್ಲದಿರುವಾಗ ಅನ್ಯಾಯ ಮಾಡಬಾರದು.

ಪೆಟ್ರೋಲ್ ಇಂಜಿನ್ ಹಗುರ. ನಾಲ್ಕು ಜನ ಎತ್ತಿ ಇಡಬಹುದು. ಹಳೆಯ ಬೋಟಿಗೆ ಅದು ದೊಡ್ಡ ಮಾತು, ಹಿಂಭಾಗ ನೀರಿನಲ್ಲಿ ಕುಸಿಯುವುದಿಲ್ಲ. ಚಾವಿ ತಿರುಗಿಸಿದರೆ ಹೂಂ ಎನ್ನುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ನಡುವೆ ಕೂತು ಮಾತಾಡಿದರೆ ಪಕ್ಕದವನಿಗೆ ಕೇಳಿಸುತ್ತದೆ. ನನ್ನ ಡೀಸೆಲ್ ಹಾಗಲ್ಲ. ಚಹಾದ ಗ್ಲಾಸು ಹಲಗೆಯ ಮೇಲೆ ಇಟ್ಟರೆ ಗ್ಲಾಸು ತಾನೇ ನಡೆದು ಹೋಗಿ ನೀರಿಗೆ ಹಾರುತ್ತದೆ. ಪ್ರತಿ ಡೀಸೆಲ್ ವರ್ಷ ಮುಗಿದ ಮೇಲೆ ಬೋಟಿನ ಮೊಳೆ, ನಟ್ಟು ಎಲ್ಲ ಬಿಗಿ ಮಾಡಬೇಕು. ಹೌದು, ಒಪ್ಪುತ್ತೇನೆ. ಕಾಂತು, ನೀನು ತಲೆ ಅಲ್ಲಾಡಿಸಬೇಡ, ನಾನೇ ಒಪ್ಪುತ್ತಿದ್ದೇನಲ್ಲ.

ಆದರೆ ಪೆಟ್ರೋಲಿಗೆ ಕಿಡಿ ಬೇಕು. ಕಿಡಿಗೆ ಒಣ ಜಾಗ ಬೇಕು. ನಾವಿರುವುದು ಎಲ್ಲಿ? ನೀರಿನಲ್ಲಿ!

ಬಸಂತರಾಯರು ಅಲ್ಲಿ ಕುಳಿತಿದ್ದಾರೆ — ನಾಚಿಕೊಳ್ಳಬೇಡಿ. ಅವರ ಮದುವೆಯ ದಿಬ್ಬಣ ಆಚೆ ದಂಡೆಗೆ ಹೊರಟಿತ್ತು. ಪೆಟ್ರೋಲ್ ವರ್ಷ. ನಡುನೀರಿನಲ್ಲಿ ಗಾಳಿ ಎದ್ದಿತು, ಅಲೆ ಹೊಡೆಯಿತು, ಕಿಡಿ ಕೊಡುವ ಕಾಯಿಲ್ ಒದ್ದೆಯಾಯಿತು, ಇಂಜಿನ್ ಗಪ್ಪಾಯಿತು. ಮುಹೂರ್ತ ಹತ್ತಿರ ಬರುತ್ತಿದೆ. ಹೆಣ್ಣಿನ ಕಡೆಯವರು ಆಚೆ ದಂಡೆಯಲ್ಲಿ ಬ್ಯಾಂಡು ಬಾರಿಸುತ್ತಿದ್ದಾರೆ, ನಮಗೆ ಕೇಳಿಸುತ್ತಿದೆ. ದಾವಲಮಲಿಕ ಸುತ್ತ ನೋಡಿದ. ಒಣಗಿದ ಬಟ್ಟೆ ಇದ್ದದ್ದು ಬೋಟಿನಲ್ಲಿ ಒಂದೇ — ಮದುಮಗನ ತಲೆಯ ರುಮಾಲು. ಸೀದಾ ಹೋಗಿ ಕೈಮುಗಿದು, ‘ಸಾವಕಾರ್ರ, ತಪ್ಪು ತಿಳೀಬ್ಯಾಡ್ರಿ’ ಅಂದ. ಅನ್ನುತ್ತಲೇ ರುಮಾಲು ಬಿಚ್ಚಿದ. ಹೀಗೆ — ಹೀಗೆ ಸುತ್ತಿ ಸುತ್ತಿ ಕಾಯಿಲ್ ಒರೆಸಿದ, ಪ್ಲಗ್ ಒರೆಸಿದ, ಚಾವಿ ತಿರುಗಿಸಿದ. ಇಂಜಿನ್ ಹೊರಟಿತು. ಮದುಮಗ ಕಪ್ಪು ಎಣ್ಣೆಯ ರುಮಾಲು ಕಟ್ಟಿಕೊಂಡೇ ಅಕ್ಷತೆ ಹಾಕಿಸಿಕೊಂಡರು. ಫೋಟೊ ಇನ್ನೂ ಅವರ ಮನೆಯಲ್ಲಿದೆ, ಹೋದವರು ನೋಡಬಹುದು.

ಪೆಟ್ರೋಲಿನದು ಇನ್ನೊಂದು ಸಂಗತಿ ಇದೆ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ, ನಾನು ಮುಂದೆ ಹೇಳುವುದೆಲ್ಲ ಇದರ ಮೇಲೆ ನಿಂತಿದೆ. ಪೆಟ್ರೋಲಿನ ಹಬೆ ಗಾಳಿಗಿಂತ ಭಾರ. ರಸ್ತೆಯ ಮೇಲಿನ ಜೀಪಿನಲ್ಲಿ ಅದು ಕೆಳಗಿಳಿದು ಗಾಳಿಯಲ್ಲಿ ಹೋಗಿಬಿಡುತ್ತದೆ. ಬೋಟಿಗೆ ತಳ ಇದೆ. ಒಳಗೇ ಇಳಿದು ಕೂರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪೈಪು ಹಳೆಯದು, ಎಲ್ಲೋ ಒಂದು ಹನಿ ಸೋರಿರುತ್ತದೆ. ಚಾವಿ ತಿರುಗಿಸಿದರೆ ಕಿಡಿ. ಕಿಡಿ ಹಬೆಗೆ ತಾಗಿತು ಅಂದರೆ ಬೋಟೂ ಇಲ್ಲ, ಕುಳಿತವರೂ ಇಲ್ಲ. ಡೀಸೆಲ್ಲಿಗೆ ಈ ಕಾಟ ಇಲ್ಲ. ಅದಕ್ಕೆ ಕಿಡಿಯೇ ಬೇಡ, ಗಾಳಿಯನ್ನು ಒತ್ತಿ ಬಿಸಿ ಮಾಡಿಕೊಂಡು ತಾನೇ ಉರಿಯುತ್ತದೆ. ಅದರ ಎಣ್ಣೆ ಸೋರಿದರೆ ತಳ ಜಾರುತ್ತದೆ, ಅಷ್ಟೇ.

ಹಾಗಾದರೆ ಇಷ್ಟು ವರ್ಷ ನಮ್ಮ ಪೆಟ್ರೋಲ್ ಬೋಟಿಗೆ ಏನೂ ಆಗಲಿಲ್ಲವಲ್ಲ, ಹೇಗೆ? ದಾವಲಮಲಿಕನ ಮೂಗು! ಪ್ರತಿ ಸಲ ಹೊರಡುವ ಮೊದಲು ಅವನು ತಳದ ಹಲಗೆ ಎತ್ತುತ್ತಿದ್ದ. ಮೊಣಕಾಲೂರಿ, ಬಗ್ಗಿ, ತಲೆಯನ್ನು ಒಳಗೆ ಇಟ್ಟು — ಹೀಗೆ — ವಾಸನೆ ನೋಡುತ್ತಿದ್ದ. ‘ಮೊದಲ ಮೂಗು, ಆಮ್ಯಾಲ ಚಾವಿ’ ಎನ್ನುತ್ತಿದ್ದ. ಪರ ಊರಿನವರು ಅವನು ಬಗ್ಗಿದ್ದನ್ನು ನೋಡಿ ನಮಾಜು ಮಾಡುತ್ತಿದ್ದಾನೆ ಎಂದುಕೊಂಡು ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಅವನು ಎದ್ದು ಅವರ ಮುಖ ನೋಡಿ, ‘ಹಾಕ್ಕೋರಿ, ಇದು ಬರೇ ಪೆಟ್ರೋಲ್’ ಎಂದು ನಗುತ್ತಿದ್ದ. ಒಂದು ಸಲವೂ ಆ ಮೂಗು ತಪ್ಪಲಿಲ್ಲ. ಸಂಶಯ ಬಂದ ದಿನ ಬೋಟು ಬಿಡುತ್ತಲೇ ಇರಲಿಲ್ಲ, ಯಾರು ಬೈದರೂ ಬಿಡುತ್ತಿರಲಿಲ್ಲ.

ನನ್ನ ಡೀಸೆಲ್ಲಿನ ಮಾನವನ್ನೂ ಕಳೆದುಬಿಡುತ್ತೇನೆ, ಲೆಕ್ಕ ಸರಿಯಾಗಲಿ.

ನಮ್ಮ ಹಳೆಯ ಊರು ಈ ನೀರಿನ ಕೆಳಗಿದೆ. ಬೋಟಿನ ದಾರಿ ಅದರ ಮೇಲೇ ಹೋಗುತ್ತದೆ. ಅಲ್ಲಿ ಬಂದಾಗ ಇಂಜಿನ್ ಬಂದ್ ಮಾಡುವುದು ನಮ್ಮ ಪದ್ಧತಿ. ಮೊದಲ ಸಲ ಯಾರು ಮಾಡಿದರೋ, ಯಾರೂ ಹೇಳಿಕೊಟ್ಟದ್ದಲ್ಲ. ಕೆಳಗೆ ಹನುಮಪ್ಪನ ಗುಡಿ ಇದೆ, ದರ್ಗಾ ಇದೆ, ನಮ್ಮ ಹಿರಿಯರ ಸಮಾಧಿಗಳಿವೆ, ದಾವಲಮಲಿಕನ ಹಿರಿಯರ ಗೋರಿಗಳಿವೆ. ಕೆಲವರು ಕೈಮುಗಿಯುತ್ತಾರೆ, ಕೆಲವರು ದುವಾ ಓದುತ್ತಾರೆ, ಕೆಲವರು ಸುಮ್ಮನೆ ನೀರು ನೋಡುತ್ತಾರೆ. ಆಮೇಲೆ ಇಂಜಿನ್ ಹಚ್ಚಿಕೊಂಡು ಮುಂದೆ.

ಒಂದು ಡೀಸೆಲ್ ವರ್ಷ, ಆಷಾಢದ ಗಾಳಿಯಲ್ಲಿ, ನಾನು ಅಲ್ಲಿ ಬಂದ್ ಮಾಡಿದೆ. ಮತ್ತೆ ಹ್ಯಾಂಡಲ್ ಹೊಡೆದೆ. ಹೊಡೆದೆ, ಹೊಡೆದೆ, ಬೆವರು ಇಳಿಯಿತು. ಟಾಕಿಯಲ್ಲಿ ಎಣ್ಣೆ ತಳಕ್ಕೆ ಬಂದಿತ್ತು, ಬೋಟು ಓಲಾಡಿ ಪೈಪಿನಲ್ಲಿ ಗಾಳಿ ಹಿಡಿದಿತ್ತು. ನಟ್ಟು ಸಡಿಲಿಸಿ ಗಾಳಿ ಬಿಡಬೇಕೆಂದು ಪಾನಾ ತೆಗೆದೆ — ಕೈ ಒದ್ದೆ — ಪಾನಾ ಜಾರಿ ಹಳೆಯ ಊರಿಗೆ ಹೋಯಿತು. ಬೋಟು ತೇಲುತ್ತ ತೇಲುತ್ತ ಹೋಗಿ ನಮ್ಮ ಹಳೆಯ ಚಾವಡಿಯ ಹುಣಸೆ ಗಿಡದ ತುದಿಯಲ್ಲಿ ಸಿಕ್ಕಿಹಾಕಿಕೊಂಡಿತು. ಜನ ಟೊಂಗೆ ಹಿಡಿದುಕೊಂಡು ಕುಳಿತರು. ಕಡೆಗೆ ಮೀನುಗಾರರ ತೆಪ್ಪದಲ್ಲಿ ಬಂದವನು ಯಾರು? ದಾವಲಮಲಿಕ. ಕೈಯಲ್ಲಿ ಪಾನಾ. ನಟ್ಟು ಸಡಿಲಿಸಿ, ಗುಳ್ಳೆ ಹೋಗುವವರೆಗೆ ಎಣ್ಣೆ ಬಿಟ್ಟು, ಬಿಗಿ ಮಾಡಿ, ಇಂಜಿನ್ ಹಚ್ಚಿಕೊಟ್ಟ. ಪೆಟ್ರೋಲಿನ ಮನುಷ್ಯ, ನನ್ನ ಡೀಸೆಲ್ಲನ್ನು! ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ — ‘ಲೇ ಸಿದ್ಲಿಂಗ, ನಿನ್ನ ಡೀಸೆಲ್ ಸಾಯೂದಿಲ್ಲ, ಖರೆ. ಸತ್ತರ ಏಳೂದೂ ಇಲ್ಲ.’

ಅವತ್ತಿನ ಮೇಲೆ ಹಿರಿಯರು ನಿಯಮ ಮಾಡಿದರು. ಡೀಸೆಲ್ ವರ್ಷದಲ್ಲಿ ಊರಿನ ಮೇಲೆ ಇಂಜಿನ್ ಬಂದ್ ಮಾಡುವಂತಿಲ್ಲ, ಸಣ್ಣಗೆ ಮಾಡಿಕೊಂಡು ದಾಟಬೇಕು. ಡುಬ್ ಡುಬ್ ಡುಬ್ ಎನ್ನುತ್ತಲೇ ಎಲ್ಲರೂ ಕೈಮುಗಿಯುವುದು. ಅವನಿಗೆ ಅದು ಸೇರುತ್ತಿರಲಿಲ್ಲ. ನಾನು ಬರೀ ಇಂಜಿನ್ನಿನ ಹಟ ಎಂದುಕೊಂಡಿದ್ದೆ. ಒಂದು ದಿನ ತಡೆಯಲಾರದೆ ಅಂದುಬಿಟ್ಟ — ‘ನಿನ್ನ ಇಂಜಿನ್ ಹಿಂಗ ಒದರಾಕತ್ತಿದ್ರ, ನಮ್ಮವ್ವಗ ನನ್ನ ಮಾತು ಹ್ಯಾಂಗ ಕೇಳಸ್ತೈತೋ?’

ಅವನ ತಾಯಿಯ ಗೋರಿ ಅಲ್ಲಿ ಕೆಳಗಿದೆ. ಹಗುರ, ವೇಗ, ಸದ್ದಿಲ್ಲ, ಹೊಗೆಯಿಲ್ಲ ಎಂದು ಅವನು ಎಷ್ಟು ವಾದ ಮಾಡಿದರೂ, ಅವನ ಪೆಟ್ರೋಲ್ ಇದ್ದದ್ದು ಇದಕ್ಕೆ. ಬಂದ್ ಮಾಡಿದರೆ ಬಂದ್ ಆಗಬೇಕು, ಮಾತು ಮುಗಿದ ಮೇಲೆ ಮತ್ತೆ ಹತ್ತಬೇಕು. ಅಷ್ಟೇ ಅವನಿಗೆ ಬೇಕಿದ್ದದ್ದು.

ಈ ಬೇಸಿಗೆಯಲ್ಲಿ ಡೀಸೆಲ್ ವರ್ಷ ಮುಗಿಯಿತು. ಬೋಟು ದಂಡೆಗೆ ಎಳೆದೆವು. ನನ್ನ ಇಂಜಿನ್ ಬಿಚ್ಚಿದೆವು. ಅವನು ತನ್ನದನ್ನು ಒರೆಸಿ, ಎಣ್ಣೆ ಹಾಕಿ, ಬೇವಿನ ಗಿಡದ ಕೆಳಗೆ ಇಟ್ಟು, ‘ನಾಳಿ ಕುಂದ್ರಸೂಣು’ ಅಂದ. ಮರುದಿನ ಎದೆ ನೋವು ಬಂತು. ಆಸ್ಪತ್ರೆಗೆ ಒಯ್ದೆವು. ಮಾತಾಡುತ್ತ ಮಾತಾಡುತ್ತಲೇ ಹೋದ. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಇಷ್ಟು ಗಟ್ಟಿ ಮನುಷ್ಯ, ಹೀಗೆ ಹೋಗುವುದೇ?

ಇನ್ನು ಬೋಟು ನಡೆಸುವವರು ಯಾರು? ನಜಮಾ. ನನ್ನ ಮೊಣಕಾಲು ನಿಮಗೆ ಗೊತ್ತು. ಅವಳಿಗೆ ಲೈಸೆನ್ಸ್ ಇದೆ, ಅಪ್ಪನ ಜೊತೆ ನಿಂತು ಕಲಿತವಳು. ಊರಿನವರೆಲ್ಲ ಹೇಳಿದಿರಿ, ಸರದಿ ಪೆಟ್ರೋಲಿನದು, ದಾವಲಮಲಿಕನ ನೆನಪಿಗೆ ಇನ್ನು ಮುಂದೆ ಯಾವಾಗಲೂ ಪೆಟ್ರೋಲೇ ಇರಲಿ ಎಂದು. ಒಳ್ಳೆಯ ಮಾತು. ಅದನ್ನು ಕೇಳಿ ನನಗೆ ಕಣ್ಣು ತುಂಬಿತ್ತು. ಆದರೂ ನಾನು ಒಲ್ಲೆ ಅಂದೆ. ಕಾರಣ ಹೇಳಲಿಲ್ಲ, ಹೇಳುವ ಹಾಗಿರಲಿಲ್ಲ. ಇವತ್ತು ಬೆಳಿಗ್ಗೆ ಅವಳೇ ಬಂದು, ‘ಕಾಕಾ, ಹೇಳಿಬಿಡ್ರಿ’ ಅಂದಳು. ಅದಕ್ಕೆ ಹೇಳುತ್ತೇನೆ.

ಕೊರೊನಾ ಬಂದು ಹೋದ ಮೇಲೆ ನಜಮಾಳಿಗೆ ವಾಸನೆ ತಿಳಿಯುವುದಿಲ್ಲ.

ಅವತ್ತು ಹೋದದ್ದು ಮರಳಿ ಬಂದಿಲ್ಲ. ಒಲೆಯ ಮೇಲೆ ಹಾಲು ಸೀದುಹೋದರೂ ಪಕ್ಕದ ಮನೆಯವರು ಕೂಗಬೇಕು. ಡಾಕ್ಟರಿಗೆ ತೋರಿಸಿದ್ದಾರೆ. ಮದುವೆಯ ಮಾತು ನಡೆದಿದ್ದರಿಂದ ಮನೆಯವರು ಹೊರಗೆ ಯಾರಿಗೂ ಹೇಳಿರಲಿಲ್ಲ. ಅಪ್ಪ ಇರುವವರೆಗೆ ನಡೆಯಿತು, ಮೂಗು ಅವನದು, ಚಾವಿ ಅವಳದು. ಈಗ ಮೂಗು ಯಾರದು? ನನ್ನದೇ? ನನ್ನ ಮೂಗು ನಶ್ಯಕ್ಕೆ ಹೋಗಿ ಎಷ್ಟೋ ಕಾಲವಾಯಿತು. ದಿನಕ್ಕೊಬ್ಬ ಪ್ರಯಾಣಿಕನನ್ನು ಕರೆದು ವಾಸನೆ ನೋಡು ಎನ್ನಲೇ? ಅವನಿಗೆ ನೆಗಡಿಯಾಗಿದ್ದರೆ? ದಾವಲಮಲಿಕನ ಮಗಳನ್ನು, ನಿಮ್ಮ ಮಕ್ಕಳನ್ನು, ಆ ಹಲಗೆಯ ಮೇಲೆ ಕೂರಿಸಿ ನಾನು ದಂಡೆಯಲ್ಲಿ ನಿಂತು ನೋಡಲೇ? ಅವನ ನೆನಪಿಗೆ ನಾನು ಏನು ಬೇಕಾದರೂ ಮಾಡುತ್ತೇನೆ. ಅದನ್ನು ಮಾಡುವುದಿಲ್ಲ.

ಹೀಗೆಂದು ಹೇಳಲು ಬಿಬಿಜಾನ ತಂಗಿಯ ಹತ್ತಿರ ಹೋದೆ. ಅವಳು ಎಲ್ಲ ಕೇಳಿದಳು. ಒಂದೇ ಮಾತು ಹೇಳಿದಳು — ‘ಇಂಜಿನ್ ಯಾವದರ ಇರ್ಲಿ ಅಣ್ಣಾ. ಅತ್ತಿಯವರ ಮ್ಯಾಲ ಬಂದಾಗ ಅದು ಬಂದ್ ಆಗಬೇಕು.’

ಡೀಸೆಲ್! ನಡುನೀರಿನಲ್ಲಿ! ಬಂದ್!

ನಾನು ಅವತ್ತೇ ಸಿಂದಗಿಗೆ ಹೋದೆ. ಈ ಕಾಂತು ಬಂದು ನೋಡಿದ. ಟಾಕಿಯನ್ನು ಕೆಳಗಿನಿಂದ ತೆಗೆದು ಎತ್ತರದಲ್ಲಿ ಕೂರಿಸಿದ, ಎಣ್ಣೆ ತಾನೇ ಇಳಿಯಲಿ, ಗಾಳಿ ಹಿಡಿಯದಿರಲಿ ಎಂದು. ಪೈಪು ಹೊಸದು ಹಾಕಿದ. ಇಂಜಿನ್ ಬಿಸಿ ಇರುವಾಗ ಡೀಸೆಲ್ ಹತ್ತದೆ ಎಲ್ಲಿ ಹೋಗುತ್ತದೆ, ಹುಣಸೆ ಗಿಡದ ಹೆದರಿಕೆ ಬಿಡು ಅಂದ. ಪಾನಾವನ್ನು ಈ ಸಲ ಹುರಿಯಿಂದ ಬೋಟಿಗೇ ಕಟ್ಟಿದ್ದೇನೆ. ಬೀರಣ್ಣ ಲಚ್ಯಾಣದಿಂದ ತನ್ನ ಬೋಟಿನ ಹಗ್ಗ, ಲಂಗರು ತಂದ. ಊರಿನ ಮೇಲೆ ಡೀಸೆಲ್ ಬಂದ್ ಮಾಡಲು ಹಿರಿಯರಿಂದ ಒಂದು ದಿನದ ಪರವಾನಗಿ ಪಡೆದೆವು. ಮೊನ್ನೆ ಹೊರಟೆವು — ನಜಮಾ, ಬಿಬಿಜಾನ, ಕಾಂತು, ಬೀರಣ್ಣ, ನಾನು.

ಗಾಳಿ ಇತ್ತು. ಚೆನ್ನಾಗಿಯೇ ಇತ್ತು. ಹಳೆಯ ಊರಿನ ಮೇಲೆ ಬಂದೆವು. ನಜಮಾ ನನ್ನ ಮುಖ ನೋಡಿದಳು. ನಾನು ಹೂಂ ಅಂದೆ. ಬಂದ್ ಮಾಡಿದಳು.

ಬಂಧುಗಳೇ, ಡೀಸೆಲ್ ಇಂಜಿನ್ ಅಲ್ಲಿ ಬಂದ್ ಆಗಿ ಎಷ್ಟು ಕಾಲವಾಗಿತ್ತು! ತಗಡಿಗೆ ನೀರು ಬಡಿಯುವ ಸಪ್ಪಳ ಮಾತ್ರ. ಬಿಬಿಜಾನ ಸೆರಗು ಹೊದ್ದುಕೊಂಡು ದುವಾ ಓದಿದಳು. ಅತ್ತೆಗೆ ಮಗನ ಸುದ್ದಿ ಹೇಳಿದಳು, ಅದನ್ನು ನಾನು ಇಲ್ಲಿ ಹೇಳುವುದಿಲ್ಲ. ಬೋಟು ಸಾವಕಾಶ ಹುಣಸೆ ಗಿಡದ ಕಡೆ ಹೊರಳುತ್ತಿತ್ತು. ನಾನು ನೋಡುತ್ತಿದ್ದೆ, ಅವಸರ ಮಾಡಲಿಲ್ಲ. ಬಿಬಿಜಾನ ಮುಖ ಒರೆಸಿಕೊಂಡು ತಲೆಯಾಡಿಸಿದಳು. ನಜಮಾ ಹ್ಯಾಂಡಲ್ ಹಿಡಿದಳು. ನಾನು ಇಂಜಿನ್ನಿನ ತಲೆಯ ಮೇಲಿನ, ಒತ್ತಡ ಬಿಡಿಸುವ ಲಿವರ್ ಎತ್ತಿ ಹಿಡಿದೆ. ಅವಳು ತಿರುಗಿಸಿದಳು — ಜೋರಾಗಿ — ಇನ್ನೂ ಜೋರಾಗಿ — ನಾನು ಲಿವರ್ ಬಿಟ್ಟೆ — ಡುಬ್!

ಹತ್ತಿತು! ಮೊದಲ ಏಟಿಗೇ ಹತ್ತಿತು! ಬೀರಣ್ಣ ಕುಳಿತಲ್ಲೇ ಕೂಗಿದ. ಕಾಂತು ಮೀಸೆ ತಿರುವಿದ. ನಾನು ಈ ಮೊಣಕಾಲಿನಲ್ಲಿ ಎದ್ದು ಕುಣಿದೆ, ಕೇಳಿ ಬೇಕಾದರೆ. ಎದ್ದು ನಿಂತು, ಡೀಸೆಲ್ ವರ್ಷದಲ್ಲಿ ಅವನು ಕೂರುತ್ತಿದ್ದ ಮುಂದಿನ ಹಲಗೆಯ ಕಡೆ ತಿರುಗಿ, ಕೈ ಎತ್ತಿ ಒದರಿದೆ — ‘ನೋಡಿದ್ಯೋ ದಾವಲ್ಯಾ, ಸತ್ತಿದ್ದು ಎದ್ದೈತಿ!’

ಆ ಹಲಗೆಯ ಮೇಲೆ ಯಾರೂ ಇರಲಿಲ್ಲ.

ಎತ್ತಿದ ಕೈ ಹಾಗೇ ಇತ್ತು. ಬಿಬಿಜಾನ ನನ್ನನ್ನೇ ನೋಡುತ್ತಿದ್ದಳು. ಅವಳು ಅಂದಳು — ‘ನೀ ಗೆದ್ದಿ ಅಣ್ಣಾ. ಇನ್ನ ಜಗಳಾ ಯಾರ ಜೋಡಿ ಆಡ್ತಿ?’

ಮೊನ್ನೆಯಿಂದ ಅಂಥವನೊಬ್ಬನನ್ನು ಹುಡುಕುತ್ತಿದ್ದೇನೆ.

ಇಷ್ಟು ದೊಡ್ಡ ಸಭೆ ಇದೆ. ನಾಲ್ಕು ತಾಲ್ಲೂಕಿನ ಬೋಟಿನವರು, ಮೆಕ್ಯಾನಿಕ್ಕುಗಳು ಇದ್ದೀರಿ. ನಾನು ಎಲ್ಲರ ಎದುರು ಹೇಳುತ್ತೇನೆ — ಹಳೆಯ ಬೋಟಿಗೆ ಡೀಸೆಲ್ಲೇ ಸರಿ. ಯಾರಾದರೂ ಒಬ್ಬರು ಏಳಿ. ಎದ್ದು ‘ಸಿದ್ದಲಿಂಗ, ನೀನು ಹೇಳುವುದು ಸುಳ್ಳು, ಪೆಟ್ರೋಲೇ ಮೇಲು’ ಎಂದು ನನ್ನ ಮುಖದ ಮೇಲೆ ಹೇಳಿ. ಬಸಂತರಾಯರೇ? — ಬೀರಣ್ಣಾ, ನೀನು? — ಯಾರೂ ಇಲ್ಲವೇ? — ಅವನಿದ್ದಿದ್ದರೆ ಈ ಹೊತ್ತಿಗೆ ಮೈಕು ಕಸಿದುಕೊಂಡಿರುತ್ತಿದ್ದ.

ಯಾರೂ ಏಳುತ್ತಿಲ್ಲ.

ಹಾಗಿದ್ದರೆ ಎಲ್ಲರೂ ಏಳಿ. ಅವನಿಗೋಸ್ಕರ ಏಳಿ. ಚಪ್ಪಲಿ ಬಿಡುವವರು ಬಿಡಿ, ಟೋಪಿ ಹಾಕಿಕೊಳ್ಳುವವರು ಹಾಕಿಕೊಳ್ಳಿ, ನಿಮ್ಮ ನಿಮ್ಮ ದೇವರನ್ನು ನೆನೆಯಿರಿ. ಸ್ವಲ್ಪ ಹೊತ್ತು ಯಾರೂ ಮಾತಾಡುವುದು ಬೇಡ.

ನಾನೂ ಮಾತಾಡುವುದಿಲ್ಲ.